ದೀಪದ ಹಡಗಿನಲ್ಲಿ ಆರು ವಾರ

1814ರ ಜುಲೈ 29. ಎಡಿನ್‌ಬರೋ ನಗರದ ಪಕ್ಕದ ಲೀತ್ ಬಂದರಿನಿಂದ ಹಾಯಿಹಡಗೊಂದು ಹೊರಟಿತು. ಹೆಸರು ‘ಫೇರೋಸ್’. ಅದರಲ್ಲಿ ಕವಿ ವಾಲ್ಟರ್ ಸ್ಕಾಟ್ ಇದ್ದ. ಮೂರು ವಾರದ ಹಿಂದಷ್ಟೇ ಅವನ ಮೊದಲ ಕಾದಂಬರಿ ‘ವೇವರ್ಲಿ’ ಹೊರಬಂದಿತ್ತು, ಅದೂ ಲೇಖಕನ ಹೆಸರಿಲ್ಲದೆ. ಬರೆದವರು ಯಾರಿರಬಹುದು ಎಂದು ಓದುಗರು ಊಹಿಸುತ್ತಿದ್ದ ಹೊತ್ತಿಗೆ ಬರೆದವನು ಗೆಳೆಯರೊಡನೆ ಕಡಲಿಗಿಳಿದಿದ್ದ. ಜೊತೆಗಿದ್ದ ಆಪ್ತ ಗೆಳೆಯ ವಿಲಿಯಂ ಅರ್ಸ್ಕಿನ್‌ಗೆ ಗುಟ್ಟು ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

ಜುಲೈ ಕೊನೆಯೆಂದರೆ ನಮ್ಮ ಕರಾವಳಿಗೆ ಅಬ್ಬರದ ಮಳೆಗಾಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಮಂಗಳೂರಿನ ಬೋಟುಗಳು ಆಳಸಮುದ್ರಕ್ಕೆ ಹೋಗದೆ ದಕ್ಕೆಯಲ್ಲೇ ನಿಂತಿರುತ್ತವೆ. ಸ್ಕಾಟ್ಲೆಂಡಿನಲ್ಲಿ ಅದು ಬೇಸಿಗೆ. ಉತ್ತರಕ್ಕೆ ಹೋದಷ್ಟೂ ಹಗಲು ಉದ್ದವಾಗುತ್ತದೆ, ರಾತ್ರಿ ತುಂಬ ಹೊತ್ತಿನವರೆಗೆ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ವರ್ಷದ ಉಳಿದ ಕಾಲದಲ್ಲಿ ಹತ್ತಿರ ಸುಳಿಯಲೂ ಹೆದರಬೇಕಾದ ಬಂಡೆಗಳ ಪಕ್ಕದಲ್ಲಿ ಹಡಗು ಓಡಿಸುವ ಧೈರ್ಯ ಬರುವುದು ಆಗಲೇ.

ಆದರೂ ಇದು ಮೋಜಿನ ಹಡಗಲ್ಲ. ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿಯ ಹಡಗು. ಮಂಡಳಿಯ ಸದಸ್ಯರಾಗಿದ್ದ ನ್ಯಾಯಾಧಿಕಾರಿಗಳು ದೀಪಸ್ತಂಭಗಳ ತಪಾಸಣೆಗೆ ಹೊರಟಿದ್ದರು. ಅವರೊಂದಿಗೆ ಎಂಜಿನಿಯರ್ ರಾಬರ್ಟ್ ಸ್ಟೀವನ್ಸನ್ ಇದ್ದ. ಸ್ಕಾಟ್ ಬರೀ ಅತಿಥಿ, ತಾನು ಕೆಲಸ ಮಾಡುತ್ತಿದ್ದ ಕೋರ್ಟಿಗೆ ರಜೆಯಿತ್ತೆಂದು ಬಂದವನು. ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧ ನಡೆಯುತ್ತಿದ್ದುದರಿಂದ ದೀಪದ ಹಡಗಿನ ಮೇಲೂ ಆರು ತೋಪುಗಳಿದ್ದವು.

ಮರುದಿನ ಬೆಳಗ್ಗೆ ಬೆಲ್ ರಾಕ್. ಆರ್‌ಬ್ರೋತ್ ಊರಿನಿಂದ ಸುಮಾರು 18 ಕಿಲೋಮೀಟರ್ ದೂರ, ನಡುಗಡಲಿನಲ್ಲಿರುವ ಬಂಡೆಸಾಲು ಇದು. ಉಬ್ಬರ ಬಂದರೆ ಪೂರ್ತಿ ಮುಳುಗುತ್ತದೆ, ಇಳಿತದಲ್ಲಿ ಕೆಲವೇ ಗಂಟೆ ತಲೆ ತೋರಿಸುತ್ತದೆ. ಆ ಗಂಟೆಗಳನ್ನೇ ನೆಚ್ಚಿಕೊಂಡು 1807ರಲ್ಲಿ ಕೆಲಸ ಶುರುವಾಗಿ, 1810ರಲ್ಲಿ ಗೋಪುರ ಎದ್ದು ನಿಂತು, 1811ರಲ್ಲಿ ದೀಪ ಹೊತ್ತಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಕಡೆದ ಕಲ್ಲುಗಳ ಆ ಗೋಪುರ ಇಂದಿಗೂ ಅಲ್ಲಾಡದೆ ನಿಂತಿದೆ. ಅದರೊಳಗೇ ಎಲ್ಲರ ಬೆಳಗಿನ ಉಪಾಹಾರ ಆಯಿತು. ಸಂದರ್ಶಕರ ಪುಸ್ತಕದಲ್ಲಿ ಏನಾದರೂ ಬರೆಯಬೇಕೆಂದು ಕೇಳಿದಾಗ ಸ್ಕಾಟ್, ದೀಪಸ್ತಂಭವೇ ಮಾತಾಡುವಂತೆ ಒಂದು ಪುಟ್ಟ ಪದ್ಯ ಬರೆದುಕೊಟ್ಟ.

ಒಂದೇ ಹಡಗಿನಲ್ಲಿದ್ದ ಸ್ಕಾಟ್, ಸ್ಟೀವನ್ಸನ್ ಇಬ್ಬರ ನೋಟ ಬೇರೆಬೇರೆ. ಕಲ್ಲು ಎಷ್ಟು ಗಟ್ಟಿ, ದೋಣಿ ಎಲ್ಲಿ ತಾಗುತ್ತದೆ, ಅಲೆ ಎಷ್ಟು ಎತ್ತರ ಏರುತ್ತದೆ ಎಂಬುದು ಸ್ಟೀವನ್ಸನ್‌ನ ಲೆಕ್ಕ. ಇಲ್ಲಿ ಯಾರು ಬದುಕುತ್ತಾರೆ, ಏನು ತಿನ್ನುತ್ತಾರೆ, ಯಾವ ಕಥೆ ಹೇಳುತ್ತಾರೆ ಎಂಬುದು ಸ್ಕಾಟ್‌ನ ಕುತೂಹಲ. ಚಿಕ್ಕಂದಿನಲ್ಲೇ ಕಾಯಿಲೆಯಿಂದ ಅವನ ಬಲಗಾಲು ಊನವಾಗಿತ್ತು. ಹಾಗಿದ್ದೂ ಪಾಚಿ ಹಿಡಿದ ಬಂಡೆ, ಕತ್ತಲೆಯ ಗುಹೆ, ಕಡಿದಾದ ಗುಡ್ಡ ಯಾವುದನ್ನೂ ಬಿಡಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ದಿನವೂ ಬರೆದಿಟ್ಟ.

ಉತ್ತರದ ಆರ್ಕ್‌ನಿ ದ್ವೀಪಗಳ ಕಡೆಯ ಒಂದು ಪ್ರಸಂಗವನ್ನು ಸ್ಟೀವನ್ಸನ್ ಹೇಳುತ್ತಿದ್ದ. ದೋಣಿಯವನೊಬ್ಬನಿಗೆ ನಿನ್ನ ಹಾಯಿ ಹರಿದಿದೆಯಲ್ಲಪ್ಪ ಎಂದರೆ, ನೀವು ಇಲ್ಲೆಲ್ಲ ಇಷ್ಟೊಂದು ದೀಪ ಕಟ್ಟದಿದ್ದರೆ ಹೋದ ಚಳಿಗಾಲದಲ್ಲೇ ನನಗೆ ಹೊಸ ಹಾಯಿ ಸಿಗುತ್ತಿತ್ತು ಎಂದನಂತೆ! ಹಡಗು ಒಡೆದರೆ ತೇಲಿಬಂದದ್ದು ದ್ವೀಪದವರ ಪಾಲು. ಹೊಲದ ಬೇಲಿಗೂ ಮಹಾಗನಿ ಮರ ಸಿಗುತ್ತಿದ್ದ ಕಾಲ ಅದು. ದ್ರಾಕ್ಷಾರಸ ಹೇರಿದ ಹಡಗು ಒಡೆದಾಗ ಬಾರ್ಲಿ ಗಂಜಿಗೆ ದ್ರಾಕ್ಷಾರಸ ಸುರಿದುಕೊಂಡು ಉಂಡವರೂ ಇದ್ದರು. ದೀಪ ಬಂದದ್ದು ನಾವಿಕರ ಪುಣ್ಯ. ದಡದ ಬಡವನಿಗೆ ಅದು ಆದಾಯದ ನಷ್ಟ. ದೀಪಸ್ತಂಭ ಕಟ್ಟುವ ಎಂಜಿನಿಯರೇ ಈ ಮಾತನ್ನೂ ನಗುತ್ತ ದಾಖಲಿಸಿದ್ದು ದೊಡ್ಡದು.

ಅದೇ ದ್ವೀಪಸ್ತೋಮದ ಸ್ಟ್ರಾಮ್‌ನೆಸ್ ಊರಿನ ಗುಡ್ಡದ ಮೇಲೆ ಬೆಸ್ಸಿ ಮಿಲ್ಲಿ ಎಂಬ ಮುದುಕಿಯಿದ್ದಳು. ನೂರರ ಹತ್ತಿರದ ವಯಸ್ಸು. ಅವಳ ಕಸುಬು ಗಾಳಿ ಮಾರುವುದು. ಹೊರಡುವ ನಾವಿಕ ಆರು ಪೆನ್ಸ್ ಕೊಟ್ಟರೆ, ಒಲೆಯ ಮೇಲೆ ನೀರು ಕಾಯಿಸಿ, ದೇವರಲ್ಲಿ ಬೇಡಿಕೊಂಡು, ಅನುಕೂಲದ ಗಾಳಿ ಬರುತ್ತದೆಂದು ಮಾತು ಕೊಡುತ್ತಿದ್ದಳು. ಜಾನ್ ಗೌ ಎಂಬ ಕಡಲುಗಳ್ಳನ ಕಥೆಯನ್ನೂ ಅವಳು ಹೇಳಿದಳು. ಸ್ಕಾಟ್ ಮುಂದೆ ಬರೆದ ‘ದಿ ಪೈರೇಟ್’ ಕಾದಂಬರಿಗೆ ಬೀಜ ಸಿಕ್ಕಿದ್ದು ಅಲ್ಲೇ. ಅದರ ಮಾಟಗಾತಿ ನೋರ್ನಾಳಲ್ಲಿ ಈ ಅಜ್ಜಿಯ ನೆರಳಿದೆ.

ಹಡಗು ಕೇಪ್ ರ‍್ಯಾತ್ ಭೂಶಿರವನ್ನು ಬಳಸಿ ಪಶ್ಚಿಮಕ್ಕೆ ಇಳಿದು, ಟೈರೀ ದ್ವೀಪದಾಚೆಯ ಸ್ಕೆರಿವೋರ್ ಬಂಡೆಗಳ ಹತ್ತಿರ ಬಂತು. ಕಪ್ಪು ಮೊನಚು ಕಲ್ಲು, ಮೇಲೆ ಅಪ್ಪಳಿಸುವ ಅಲೆ. ದೂರದಿಂದ ನೋಡಿದ್ದು ಸಾಕು ಎಂದರು ಅಧಿಕಾರಿಗಳು. ಸ್ಟೀವನ್ಸನ್ ಒಪ್ಪಲಿಲ್ಲ. ಹುಟ್ಟು ಹಾಕುವವರು ಹೇಗೋ ದೋಣಿಯನ್ನು ಒಂದು ಸಂದಿಗೆ ತಂದರು, ಇಳಿದವರು ತೊಯ್ದು ತೊಪ್ಪೆಯಾದರು. ಬಂಡೆಯನ್ನು ಮಂಡಳಿಯ ಹೆಸರಿನಲ್ಲಿ ‘ವಶಪಡಿಸಿಕೊಂಡು’ ಅದರ ಮೂಲೆಮೂಲೆಗೂ ತಮ್ಮತಮ್ಮ ಹೆಸರಿಟ್ಟೆವೆಂದು ಸ್ಕಾಟ್ ತಮಾಷೆಯಾಗಿ ಬರೆದಿದ್ದಾನೆ. ಅಂದಿನ ಹಟ ಹಣ್ಣಾಗಲು ಮೂವತ್ತು ವರ್ಷ ಬೇಕಾಯಿತು. ಸ್ಟೀವನ್ಸನ್‌ನ ಮಗ ಅಲನ್ 1838ರಲ್ಲಿ ಅಲ್ಲಿ ಕೆಲಸ ಹಿಡಿದ. 1844ರಲ್ಲಿ 48 ಮೀಟರ್ ಎತ್ತರದ ಗೋಪುರದಲ್ಲಿ ದೀಪ ಬೆಳಗಿತು.

ಅಲ್ಲಿಂದ ಮುಂದೆ ಸ್ಟಾಫಾ ದ್ವೀಪ. ಅದರ ಫಿಂಗಲ್ ಗುಹೆಯಲ್ಲಿ ಕಲ್ಲಿನ ಕಂಬಗಳು ಮನುಷ್ಯರು ಜೋಡಿಸಿದಷ್ಟು ಕರಾರುವಾಕ್ಕಾಗಿವೆ. ಲಾವಾ ತಣಿಯುತ್ತ ಕುಗ್ಗಿ ಬಿರುಕುಬಿಟ್ಟಾಗ ಮೂಡಿದ ಆಕಾರಗಳು ಅವು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥವೇ ಕಂಬಗಲ್ಲುಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಅವು ಇನ್ನೂ ಹಳೆಯವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷದ ಹಿಂದಿನವು. ಅಲ್ಲಿ ದೋಣಿ ನಡೆಸುವವರಿಗೆ ಆ ನೀರಿನ ಗುಣ, ಗಾಳಿಯ ಸುಳಿವು ಎಲ್ಲ ಬಾಯಿಪಾಠ. ಕೇಳುವ ಪ್ರಯಾಣಿಕರು ಕಡಿಮೆ.

ಸ್ಕಾಟ್ ನಮ್ಮ ನಾಡಿನ ಬಗೆಗೂ ಬರೆದಿದ್ದಾನೆ. 1827ರ ‘ದಿ ಸರ್ಜನ್ಸ್ ಡಾಟರ್’ ಕಥೆಯಲ್ಲಿ ಹೈದರಾಲಿ, ಟಿಪ್ಪು ಇಬ್ಬರೂ ಪಾತ್ರಗಳು. ಅವನು ಭಾರತಕ್ಕೆ ಬಂದವನೇ ಅಲ್ಲ, ಭಾರತದಲ್ಲಿದ್ದ ಪರಿಚಯಸ್ಥರೊಬ್ಬರಿಂದ ವಿವರ ಕೇಳಿಕೊಂಡ. ಆ ಕಥೆಯ ಮೈಸೂರಿಗೂ ‘ದಿ ಪೈರೇಟ್’ನ ದ್ವೀಪಗಳಿಗೂ ಇರುವ ಅಂತರ ಓದಿದವರಿಗೆ ತಿಳಿಯುತ್ತದೆ. ದ್ವೀಪಗಳಲ್ಲಿ ಉಪ್ಪುಗಾಳಿಯಿದೆ. ಇಲ್ಲಿ ಆನೆಯೂ ದರ್ಬಾರೂ ಇವೆ, ಬೆಸ್ಸಿ ಮಿಲ್ಲಿಯಂಥ ಅಜ್ಜಿ ಒಬ್ಬಳೂ ಇಲ್ಲ.

ಸೆಪ್ಟೆಂಬರ್ 8ಕ್ಕೆ ಗ್ರೀನಕ್ ಬಂದರಿನಲ್ಲಿ ಪ್ರವಾಸ ಮುಗಿಯಿತು. ಮರುವರ್ಷ ‘ದಿ ಲಾರ್ಡ್ ಆಫ್ ದಿ ಐಲ್ಸ್’ ಕಾವ್ಯ ಬಂತು. ಸ್ಟೀವನ್ಸನ್ ತನ್ನ ಕೊನೆಗಾಲದಲ್ಲಿ ಆ ಬೇಸಿಗೆಯ ನೆನಪುಗಳನ್ನು ಬರೆದಿಟ್ಟ. 1893ರಲ್ಲಿ ಅವನ್ನು ಪತ್ರಿಕೆಗೆ ಕೊಟ್ಟವನು ಮೊಮ್ಮಗ. ದೀಪಸ್ತಂಭ ಕಟ್ಟುವ ಮನೆತನದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಬಿಟ್ಟು ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ಅವನೇ. ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿದ್ದ ತನ್ನ ಮನೆಗೆ ಅವನು ಇಟ್ಟಿದ್ದ ಹೆಸರು ‘ಸ್ಕೆರಿವೋರ್’.