ಕರೆಂಟ್ ಹೋದಾಗ ಉಳಿಯುವ ಡಿಸ್ಕ್

(ಮಹಿಳಾ ವೇದಿಕೆಯ ಆನ್‌ಲೈನ್ ಮಾಸಿಕ ಸಭೆಯಲ್ಲಿ ಆಡಿದ ಮಾತು)

ಈ ತಿಂಗಳ ಮಾತಿಗೆ ಕರೆದಾಗ ನಮ್ಮ ಅಕ್ಕಂದಿರು, "ಅಡುಗೆ ಆಯ್ತು, ಆರೋಗ್ಯ ಆಯ್ತು, ನೀನು ನಿನ್ನ ಕಂಪ್ಯೂಟರ್ ಬಗ್ಗೆ ಹೇಳಮ್ಮ, ನಮಗೂ ಅರ್ಥ ಆಗೋ ಹಾಗೆ" ಅಂದರು. ಪ್ರಯತ್ನ ಮಾಡ್ತೀನಿ. ಎಲ್ಲಾದರೂ ಬೋರ್ ಆದರೆ ಚಾಟ್‌ನಲ್ಲಿ ಹಾಕಿ, ನನಗೇನೂ ಬೇಜಾರಿಲ್ಲ.

ನಾಶಿಕ್ ಮತ್ತು ಸಂಭಾಜಿನಗರದಿಂದ ಸೇರಿರುವವರಿಗೆ ಮಾಲೇಗಾಂವ್ ಅಂದರೆ ಮುಂಬೈ-ಆಗ್ರಾ ರಸ್ತೆಯಲ್ಲಿ ದಾಟಿಹೋಗುವ ಊರು. ನನಗೆ ನಾಲ್ಕು ವರ್ಷದಿಂದ ಇದೇ ಮನೆ. ಯಜಮಾನರ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದೆವು. ನನ್ನ ಬೆಂಗಳೂರು ಕಂಪನಿಯವರು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರು. ಇದು ಪವರ್‌ಲೂಮ್‌ಗಳ ಊರು. ಹಗಲೂ ರಾತ್ರಿ ಮಗ್ಗದ ಖಟಖಟ ಸದ್ದು. ಹೊಸದರಲ್ಲಿ ನಿದ್ದೆ ಬರುತ್ತಿರಲಿಲ್ಲ. ಈಗ ಸದ್ದು ನಿಂತರೆ ಎಚ್ಚರವಾಗುತ್ತದೆ. ಯಾಕೆಂದರೆ ಸದ್ದು ನಿಂತಿತು ಅಂದರೆ ಕರೆಂಟ್ ಹೋಯಿತು ಅಂತ.

ಹೋದ ವರ್ಷ ಜೂನ್‌ನ ಮೊದಲ ಮಳೆಗೆ ಹೀಗೇ ಸದ್ದು ನಿಂತಿತು, ಬಂತು, ಮತ್ತೆ ನಿಂತಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ನಾನು ನೋಡಿರಲಿಲ್ಲ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಆನ್ ಮಾಡಿದರೆ ಡಿಸ್ಕೇ ಇಲ್ಲ ಅನ್ನುತ್ತಿದೆ. ಒಳಗಿದ್ದದ್ದು ಅಗ್ಗಕ್ಕೆ ಸಿಕ್ಕಿತೆಂದು ನಾನೇ ತರಿಸಿದ್ದ ಎಸ್‌ಎಸ್‌ಡಿ. ಎಂ.ಟೆಕ್. ಮಾಡಿದವಳು ನಾನು! ರೇಷ್ಮೆ ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ತಿರುಗಿಸಿ ನೋಡುವವಳು, ಇದರ ಡಬ್ಬಿಯ ಮೇಲೆ ಏನು ಬರೆದಿದೆ ಅಂತಲೂ ಓದಿರಲಿಲ್ಲ.

ಕಂಪನಿಯ ಕೋಡ್ ಸರ್ವರ್‌ನಲ್ಲಿತ್ತು, ಉಳಿಯಿತು. ಆದರೆ ಸರ್ವರ್‌ಗೆ ಕಳಿಸದೆ ಇಟ್ಟುಕೊಂಡಿದ್ದ ಒಂಬತ್ತು ದಿನದ ಕೆಲಸ ಹೋಯಿತು. ಹೊಸ ಡಿಸ್ಕ್‌ಗೆ ನೂರು ಕಿಲೋಮೀಟರ್ ದೂರದ ನಾಶಿಕ್‌ಗೆ ಹೋಗಿಬಂದು, ಎಲ್ಲ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮೂರು ದಿನ. ಮೂರನೇ ದಿನ ಮ್ಯಾನೇಜರ್ ಫೋನ್ ಮಾಡಿ ಬಹಳ ಮೆತ್ತಗೆ ಕೇಳಿದರು: "ಅಲ್ಲಿಂದ ಕೆಲಸ ನಡೆಯುತ್ತಾ? ಇಲ್ಲಾ ಬೆಂಗಳೂರಿಗೇ ಬಂದುಬಿಡ್ತೀರಾ?" ಬೆಂಗಳೂರಿಗೆ ಹೋಗುವುದು ಅಂದರೆ ಮಗಳ ಶಾಲೆ, ಅವರ ಕೆಲಸ, ಒಂದು ಸಂಸಾರ ಎರಡು ಊರು. ಒಂದು ಅಗ್ಗದ ಡಿಸ್ಕ್‌ನಿಂದ ಆ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು. ಅಂದು ರಾತ್ರಿಯಿಂದ ನಾನು ಓದತೊಡಗಿದೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ. ಒಳಗೆ ಇರುವುದು ಕೋಟಿಗಟ್ಟಲೆ ಸಣ್ಣ ಕೋಶಗಳು, ಅವುಗಳಲ್ಲಿ ಒಂದಿಷ್ಟು ವಿದ್ಯುದಾವೇಶ. 1980ರ ದಶಕದಲ್ಲಿ ತೋಷಿಬಾದಲ್ಲಿದ್ದ ಫುಜಿಯೊ ಮಸುಒಕಾ ಇದನ್ನು ಕಂಡುಹಿಡಿದರು. ಪ್ರತಿ ಕೋಶವನ್ನು ಒಂದು ಅಳತೆ ಲೋಟ ಅಂದುಕೊಳ್ಳಿ. ಟಿಎಲ್‌ಸಿ ಎಂಬ ಬಗೆಯಲ್ಲಿ ಒಂದು ಲೋಟದಲ್ಲಿ 3 ಬಿಟ್, ಅಂದರೆ 8 ಮಟ್ಟಗಳನ್ನು ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ 4 ಬಿಟ್, 16 ಮಟ್ಟ. ಲೋಟ ಅಷ್ಟೇ, ಗೆರೆಗಳು ಎರಡರಷ್ಟು. ಸ್ವಲ್ಪ ಇಂಗಿದರೂ ಪಕ್ಕದ ಗೆರೆಗೆ ಬರುತ್ತದೆ. ಅದಕ್ಕೇ ಕ್ಯೂಎಲ್‌ಸಿ ಅಗ್ಗ, ಬಾಳಿಕೆಯೂ ಕಡಿಮೆ. ಸ್ಯಾಮ್‌ಸಂಗ್‌ನ ಎರಡು ಡಿಸ್ಕ್ ನೋಡಿ: 870 ಇವೊ 1 ಟಿಬಿಗೆ 600 ಟೆರಾಬೈಟ್ ಬರೆಯುವವರೆಗೆ ವಾರಂಟಿ, ಅದೇ ಅಳತೆಯ 870 ಕ್ಯೂವಿಒಗೆ 360.

ಹಾಗಂತ ಈ ಸಂಖ್ಯೆಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ 50 ಜಿಬಿ ಬರೆದರೂ 600 ಟೆರಾಬೈಟ್ ಮುಗಿಯಲು 30 ವರ್ಷ ದಾಟುತ್ತದೆ. ಇನ್ನೊಂದು ಸಂಖ್ಯೆ, "15 ಲಕ್ಷ ಗಂಟೆ" ಅಂತ ಬರೆದಿರುತ್ತಾರಲ್ಲ, ಅದು 171 ವರ್ಷ ಆಗುತ್ತದೆ. ನಿಮ್ಮ ಡಿಸ್ಕ್ ಅಷ್ಟು ಬದುಕುತ್ತದೆ ಅಂತಲ್ಲ. ಸಾವಿರಾರು ಡಿಸ್ಕ್‌ಗಳ ಮೇಲೆ ಹಾಕಿದ ಸರಾಸರಿ ಲೆಕ್ಕ ಅದು. ನನ್ನ ಡಿಸ್ಕ್ ಸವೆದು ಸತ್ತದ್ದಲ್ಲ. ಅದಕ್ಕೆ ವರ್ಷ ಕೂಡ ತುಂಬಿರಲಿಲ್ಲ.

ಹಾಗಾದರೆ ಏನಾಯಿತು? ನಮ್ಮ ಉಗ್ರಾಣ ನೆನಪಿಸಿಕೊಳ್ಳಿ. ಎಸ್‌ಎಸ್‌ಡಿ ಬರೆದ ಜಾಗದ ಮೇಲೇ ತಿದ್ದಿ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು, ಹಳೆಯದನ್ನು ಆಮೇಲೆ ಒಟ್ಟಿಗೆ ಅಳಿಸುತ್ತದೆ. ಹಾಗಾಗಿ ಡಬ್ಬಿಗಳು ಸದಾ ಜಾಗ ಬದಲಿಸುತ್ತಿರುತ್ತವೆ. ಯಾವ ಡಬ್ಬಿಯಲ್ಲಿ ಏನಿದೆ ಎಂಬ ಪಟ್ಟಿಯನ್ನು ಒಳಗಿನ ಕಂಟ್ರೋಲರ್ ಇಟ್ಟುಕೊಂಡಿರುತ್ತದೆ. ಪಟ್ಟಿ ತಿದ್ದುವ ಹೊತ್ತಿಗೇ ಕರೆಂಟ್ ಹೋದರೆ? ಬೇಳೆ, ಹಿಟ್ಟು, ಸಕ್ಕರೆ ಎಲ್ಲ ಅಲ್ಲೇ ಇವೆ, ಆದರೆ ಯಾವುದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಮಗ್ಗ ನಿಂತರೆ ನೇಕಾರ ಅರ್ಧ ನೇಯ್ದ ಬಟ್ಟೆ ನೋಡಿ, ಕಡಿದ ಎಳೆಗೆ ಗಂಟು ಹಾಕಿ ಮತ್ತೆ ಶುರು ಮಾಡುತ್ತಾನೆ. ಡಿಸ್ಕ್‌ಗೆ ಎಳೆಯೇ ಕಾಣುವುದಿಲ್ಲ. ಒಳ್ಳೆಯ ಡಿಸ್ಕ್‌ಗಳು ಹೆಚ್ಚಿನ ಸಲ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ನನ್ನದು ಕಟ್ಟಿಕೊಳ್ಳಲಿಲ್ಲ.

ಇದಕ್ಕೆ ಮದ್ದು ಇದೆ. ಸರ್ವರ್‌ಗೆಂದು ಮಾಡುವ ಎಸ್‌ಎಸ್‌ಡಿಗಳಲ್ಲಿ ಸಣ್ಣ ಕೆಪಾಸಿಟರ್‌ಗಳ ಸಾಲು ಇರುತ್ತದೆ. ಕರೆಂಟ್ ಹೋದ ಮೇಲೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವು ಕೊಡುತ್ತವೆ. ಪವರ್ ಲಾಸ್ ಪ್ರೊಟೆಕ್ಷನ್ ಅಂತ ಡಬ್ಬಿಯ ಮೇಲೋ ಕಂಪನಿಯ ವಿವರದಲ್ಲೋ ಬರೆದಿರುತ್ತದೆ. ಕಿಂಗ್‌ಸ್ಟನ್ ಡಿಸಿ600ಎಂ, ಮೈಕ್ರಾನ್ 5400 ಇಂಥವು. ವೇಗದಲ್ಲಿ ಇವು ಮೆರೆಯುವುದಿಲ್ಲ, ಹಳೆಯ ಸಾಟಾ ಕೇಬಲ್‌ಗೇ ಸೇರುತ್ತವೆ, ಬೆಲೆ ಜಾಸ್ತಿ. ನಾನು ಅಂಥದ್ದೊಂದು 480 ಜಿಬಿಯದು ತರಿಸಿದೆ. ಯಜಮಾನರು, "ಈ ದುಡ್ಡಿಗೆ 1 ಟಿಬಿ ಬರುತ್ತಲ್ಲೇ?" ಅಂದರು. ಬರುತ್ತೆ ಅಂದೆ.

ಲ್ಯಾಪ್‌ಟಾಪ್ ಇರುವವರು ಇದನ್ನೇ ಹುಡುಕಬೇಕಾಗಿಲ್ಲ. ಕೆಪಾಸಿಟರ್ ಇರುವ ಎಂ.2 ಡಿಸ್ಕ್‌ಗಳು ಹೆಚ್ಚಾಗಿ 110 ಮಿಲಿಮೀಟರ್ ಉದ್ದ. ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಜಾಗ ಇರುವುದು 80ಕ್ಕೆ. ನಿಮಗೆ ಲ್ಯಾಪ್‌ಟಾಪ್ ಬ್ಯಾಟರಿಯೇ ಯುಪಿಎಸ್. ಹೆಸರಾಂತ ಕಂಪನಿಯ ಟಿಎಲ್‌ಸಿ, ಸಾಧ್ಯವಾದರೆ ಡಿ-ರ‍್ಯಾಮ್ ಇರುವುದು, 5 ವರ್ಷದ ವಾರಂಟಿ, ಬಿಲ್ ಸಮೇತ. ಸಾಕು. ಆದರೆ ಬ್ಯಾಟರಿ ಜೀವಂತ ಇರಬೇಕು.

ಇದನ್ನು ಹೇಳಲು ಕಾರಣವಿದೆ. ನಮ್ಮ ಪಕ್ಕದ ಮನೆಯ ವೈನಿ ಎಂಟು ಮಗ್ಗದ ಕಾರ್ಖಾನೆಗಳ ಲೆಕ್ಕ ಬರೆಯುತ್ತಾರೆ. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. ಅವರ ಲ್ಯಾಪ್‌ಟಾಪ್ ಮಗ ಬಳಸಿ ಬಿಟ್ಟದ್ದು. ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ವೈರ್ ಕಿತ್ತರೆ ಆರಿಹೋಗುತ್ತದೆ. ನಾನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ. "ಅನ್‌ಸೇಫ್ ಶಟ್‌ಡೌನ್ಸ್" ಎಂಬ ಸಾಲಿನಲ್ಲಿ 200 ದಾಟಿತ್ತು. ಅಂದರೆ ಇನ್ನೂರು ಸಲ ಆ ಡಿಸ್ಕ್ ಕರೆಂಟ್ ಇಲ್ಲದೆ ತಟ್ಟನೆ ಬಿದ್ದಿದೆ, ಎಂಟು ಕಾರ್ಖಾನೆಯ ಲೆಕ್ಕ ಹೊತ್ತುಕೊಂಡು. ಬ್ಯಾಟರಿ ಬದಲಿಸಿ ಅಂದರೆ, "ನನ್ನ ಟೈಂಪಾಸ್ ಕೆಲಸಕ್ಕೆ ಅಷ್ಟು ಖರ್ಚು ಯಾಕೆ" ಅಂದರು. ಮನೆಗೆ ಎರಡನೇ ಸಂಬಳದಷ್ಟು ತರುವ ಕೆಲಸವನ್ನು ಟೈಂಪಾಸ್ ಅನ್ನುತ್ತಾರಲ್ಲ, ನನಗೆ ಸಿಟ್ಟೇ ಬಂತು. ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಅಂದೇ ಸಂಜೆ ಹೊಸದು ಬರುತ್ತದೆ.

ಎಷ್ಟೇ ಒಳ್ಳೆಯದು ಕೊಂಡರೂ ಒಂದನ್ನೇ ನಂಬಬೇಡಿ. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯೇ ತನ್ನ ಗ್ರಾಹಕರನ್ನು ಎಚ್ಚರಿಸಿತು: ಸರ್ವರ್‌ನ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಸತ್ತುಹೋಗುತ್ತವೆ, ಡೇಟಾ ಮತ್ತೆ ಸಿಗುವುದಿಲ್ಲ, ಫರ್ಮ್‌ವೇರ್ ಬದಲಿಸಿಕೊಳ್ಳಿ ಅಂತ. ಒಂದೇ ದಿನ ಕೊಂಡು ಒಟ್ಟಿಗೆ ಚಾಲೂ ಮಾಡಿದ ಜೋಡಿ ಡಿಸ್ಕ್‌ಗಳಾಗಿದ್ದರೆ ಎರಡೂ ಒಂದೇ ಗಳಿಗೆಯಲ್ಲಿ ಹೋಗುತ್ತಿದ್ದವು. ಅದಕ್ಕೇ ನನ್ನ ಎರಡನೇ ಪ್ರತಿ ಬೇರೆ ಕಂಪನಿಯ ಹಳೆಯ ಮಾದರಿ ಹಾರ್ಡ್ ಡಿಸ್ಕ್‌ನಲ್ಲಿದೆ, ಮೂರನೆಯದು ಕ್ಲೌಡ್‌ನಲ್ಲಿ.

ಇನ್ನೊಂದು, ಮರೆಯುವ ಮೊದಲು. ಹಳೆಯ ಎಸ್‌ಎಸ್‌ಡಿಯಲ್ಲಿ ಮದುವೆ ಫೋಟೋ ತುಂಬಿ ಬೀರುವಿನಲ್ಲಿ ಇಡಬೇಡಿ. ಪೂರ್ತಿ ಸವೆದ ಸಾಧಾರಣ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಡೇಟಾ ಉಳಿಸಿಕೊಳ್ಳಬೇಕು ಎಂಬುದು ಜೆಡೆಕ್ ಮಾನದಂಡ. ಸರ್ವರ್ ಬಗೆಯದಕ್ಕೆ 40 ಡಿಗ್ರಿಯಲ್ಲಿ 3 ತಿಂಗಳು ಅಷ್ಟೇ. ನಮ್ಮ ಏಪ್ರಿಲ್, ಮೇ ಸೆಕೆ ನಿಮಗೆ ಗೊತ್ತೇ ಇದೆ.

ವೈನಿ ಹೋದ ವಾರ ಬ್ಯಾಟರಿ ಹಾಕಿಸಿದರು. ಬಿಲ್ಲನ್ನು ಎಂಟೂ ಕಾರ್ಖಾನೆಯವರಿಗೆ ಹಂಚಿ ಕಳಿಸಿದರಂತೆ, ಐದು ಜನ ಕೊಟ್ಟಿದ್ದಾರೆ. ಸದ್ಯಕ್ಕೆ ಹೊರಗೆ ಮಗ್ಗಗಳು ಓಡುತ್ತಿವೆ, ಪ್ರಶ್ನೆಗಳಿದ್ದರೆ ಕೇಳಿ.