ನಲವತ್ತರಲ್ಲಿ ಚೆಲ್ಲೊ

ಮಕ್ಕಳು ಶಾಲೆಯಲ್ಲಿ ಯಾಕೆ ಸೋಲುತ್ತಾರೆ ಎಂದು 1964ರಲ್ಲಿ ಪುಸ್ತಕ ಬರೆದು ಹೆಸರಾದವರು ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್. ಅವರು ಚೆಲ್ಲೊ ಕಲಿಯಲು ಕೂತದ್ದು ನಲವತ್ತರ ವಯಸ್ಸಿನಲ್ಲಿ. ಮೇಷ್ಟ್ರೇ ಶಿಷ್ಯರಾದರು ಅನ್ನಿ.

ಚೆಲ್ಲೊ ಪಿಟೀಲಿನ ಬಂಧು, ಗಾತ್ರ ಮಾತ್ರ ಬಹಳ ದೊಡ್ಡದು. ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ನಾಲ್ಕು ತಂತಿ. ವೀಣೆಗಿರುವ ಮೆಟ್ಟಿಲುಗಳು ಇಲ್ಲಿಲ್ಲ. ಬೆರಳು ಕೊಂಚ ಜರುಗಿದರೂ ಶ್ರುತಿ ತಪ್ಪುತ್ತದೆ. ಚಿಕ್ಕ ಮಕ್ಕಳಿಗಾದರೆ ಕಾಲು, ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳುಂಟು.

ದೊಡ್ಡವರಿಗೆ ಕಷ್ಟ ಬೆರಳಿನದ್ದಷ್ಟೇ ಅಲ್ಲ, ಕಿವಿಯದ್ದೂ ಹೌದು. ಕಮಾನು ಕಿರುಗುಟ್ಟಿದರೆ ಮಗು ನಗುತ್ತದೆ. ಪ್ರಸಿದ್ಧ ಚೆಲ್ಲೊ ವಾದಕ ಕಸಾಲ್ಸ್‌ ನುಡಿಸಿದ, ಬಾಖ್ ರಚಿಸಿದ ಸಂಗೀತ ಕೇಳಿ ಬೆಳೆದ ಕಿವಿ ತನ್ನದೇ ಸದ್ದಿಗೆ ನಾಚಿ ಕುಗ್ಗುತ್ತದೆ. ಆ ಕಸಾಲ್ಸ್‌ಗೆ ಬಾಖ್‌ನ ಸ್ವರಪುಸ್ತಕ ಬಾರ್ಸಿಲೋನಾದ ಅಂಗಡಿಯಲ್ಲಿ ಸಿಕ್ಕಿದ್ದು ಹದಿಮೂರರಲ್ಲಿ. ಅದನ್ನು ವೇದಿಕೆಯಲ್ಲಿ ನುಡಿಸಲು ಧೈರ್ಯ ಬಂದದ್ದು ಹನ್ನೆರಡು ವರ್ಷದ ಸಾಧನೆಯ ನಂತರ!

ಸ್ವರ ತಪ್ಪಿದ್ದು ನಮಗೇ ಕೇಳಿಸುತ್ತದೆ, ಅದಕ್ಕೆ ಗುರು ಬೇಡ. ಬಿಗಿದ ಹೆಗಲು, ಮಡಚಿಹೋದ ಮಣಿಕಟ್ಟು, ಕಮಾನನ್ನು ಹಿಸುಕುವ ಹೆಬ್ಬೆರಳು ಇವು ಎದುರು ಕೂತವರಿಗಷ್ಟೇ ಕಾಣುತ್ತವೆ. ಮನೆಪಾಠದ ಸಂಬಳಕ್ಕೆ ಅರ್ಥವಿರುವುದು ಅಲ್ಲಿಯೇ ಎಂದು ನನ್ನ ಎಣಿಕೆ.

ಹೋಲ್ಟ್ ನಡುವೆ ಬಿಟ್ಟರು, ಐವತ್ತರ ಹೊತ್ತಿಗೆ ಮತ್ತೆ ಹಿಡಿದರು. 1978ರಲ್ಲಿ ತಮ್ಮ ಸಂಗೀತದ ಕಥೆಯನ್ನು ‘ನೆವರ್ ಟೂ ಲೇಟ್’ ಎಂಬ ಪುಸ್ತಕವಾಗಿಸಿದರು. ದೊಡ್ಡ ವಾದಕರೇನೂ ಆಗಲಿಲ್ಲ, ಆಮೇಲೆ ನುಡಿಸುವುದನ್ನಂತೂ ಬಿಡಲಿಲ್ಲ.