ಮೊಡವೆ, ಮುಖ ಮತ್ತು ತಾಳ್ಮೆ

(ಸಂಸ್ಥೆಯ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ನಾನು ಇಂದು ಭಾಷೆಯ ಬಗ್ಗೆ ಮಾತನಾಡುತ್ತೇನೆಂದು ನೀವು ಎಣಿಸಿರಬಹುದು. ನಾನು ಆರಿಸಿಕೊಂಡಿರುವ ವಿಷಯ ಮೊಡವೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಆದರೆ ಈ ಸಣ್ಣ ಗುಳ್ಳೆ ಎಷ್ಟು ಮಕ್ಕಳ ಓದನ್ನು, ಧೈರ್ಯವನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕನ್ನಡ ಕಂಠಪಾಠದಲ್ಲಿ ಬಹುಮಾನ ಪಡೆದವಳು. ಆ ವರ್ಷ ಇದ್ದಕ್ಕಿದ್ದಂತೆ ಮೊದಲ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕುಳಿತಳು. ದುಪಟ್ಟಾದ ಅಂಚನ್ನು ಮೂಗಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿರುತ್ತಿದ್ದಳು. ಪ್ರತಿಭಾ ಕಾರಂಜಿಗೆ ಹೆಸರು ಕೊಡು ಎಂದರೆ ಒಪ್ಪಲಿಲ್ಲ. ಏಕಾಂತದಲ್ಲಿ ಕೇಳಿದಾಗ, "ಮಿಸ್, ಸ್ಟೇಜ್ ಮೇಲೆ ನಿಂತ್ರೆ ಯಾರೂ ಪದ್ಯ ಕೇಳಲ್ಲ, ನನ್ನ ಮುಖಾನೇ ನೋಡ್ತಾರೆ" ಎಂದಳು. ಆಮೇಲೆ ಚೀಲದಿಂದ ಒಂದು ಬಿಳಿ ಡಬ್ಬಿ ತೆಗೆದು ತೋರಿಸಿದಳು. ಅದರ ಮೇಲೆ ಹೆಸರಿಲ್ಲ, ತಯಾರಕರ ವಿಳಾಸವಿಲ್ಲ, ದಿನಾಂಕವಿಲ್ಲ. "ಖಾಲಾ ಕೊಟ್ಟಿದ್ದು, ಹದಿನೈದು ದಿನದಲ್ಲಿ ಮುಖ ಕ್ಲೀನ್ ಆಗುತ್ತಂತೆ" ಎಂದಳು.

ನನಗೆ ಎದೆ ಧಸಕ್ಕೆಂದಿತು. ಏಕೆಂದರೆ ಅಂಥದೇ ಒಂದು ಕ್ರೀಮನ್ನು ನಾನೂ ಎಂಟು ತಿಂಗಳು ಹಚ್ಚಿದ್ದೆ.

ಆಗ ನಾನು ಬಿ.ಎಡ್. ಓದುತ್ತಿದ್ದೆ. ಮನೆಯಲ್ಲಿ ನಿಕಾಹ್ ಮಾತು ನಡೆಯುತ್ತಿತ್ತು. ಹಣೆ, ಮೂಗು, ಗದ್ದದಲ್ಲಿ ಎಣ್ಣೆ ಜಿನುಗುತ್ತಿತ್ತು. ಕೆನ್ನೆಗಳು ಮಾತ್ರ ಒಣಗಿ ಬಿರಿಯುತ್ತಿದ್ದವು. ಇದಕ್ಕೆ ಮಿಶ್ರ ಚರ್ಮ ಎನ್ನುತ್ತಾರೆ. ಜೊತೆಗೆ ಏನು ಹಚ್ಚಿದರೂ ಉರಿಯುವ ಸೂಕ್ಷ್ಮ ಚರ್ಮ ಬೇರೆ. ಮೊಡವೆಯಂತೂ ಇದ್ದೇ ಇತ್ತು. ಎಣ್ಣೆ ಹೋಗಲೆಂದು ದಿನಕ್ಕೆ ಆರು ಬಾರಿ ಸೋಪು ಹಾಕಿ ತೊಳೆದೆ. ಕೆನ್ನೆ ಸಿಪ್ಪೆ ಎದ್ದಿತು. ಒಣಗಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಿದೆ, ಮೊಡವೆ ಹೆಚ್ಚಿತು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಎಲ್ಲವೂ ಆದವು. ಕೊನೆಗೆ ಔಷಧಿ ಅಂಗಡಿಯೊಂದರಲ್ಲಿ ವೈದ್ಯರ ಚೀಟಿಯಿಲ್ಲದೆ ಒಂದು ಟ್ಯೂಬ್ ಕೊಟ್ಟರು. ಎರಡೇ ವಾರದಲ್ಲಿ ಮುಖ ಬೆಳಗಿತು. ಅಮ್ಮಿ ಕೂಡ ಸಂತೋಷಪಟ್ಟರು. ಆರನೆಯ ತಿಂಗಳ ಹೊತ್ತಿಗೆ ಬಿಸಿಲಿಗೆ ಹೋದರೆ ಮುಖ ಕೆಂಡದಂತೆ ಉರಿಯತೊಡಗಿತು. ಕೆನ್ನೆಯ ಮೇಲೆ ಸಣ್ಣ ಕೂದಲು, ಕೆಂಪು ನರಗಳು ಕಂಡವು. ಒಂದು ದಿನ ಕ್ರೀಮು ಬಿಟ್ಟರೆ ಮುಖವೆಲ್ಲ ಗುಳ್ಳೆ. ಚರ್ಮರೋಗ ವೈದ್ಯರು ಟ್ಯೂಬ್ ನೋಡಿ, "ಇದು ಬರೀ ಮೊಡವೆ ಅಲ್ಲಮ್ಮ, ನಿಮ್ಮ ಚರ್ಮಕ್ಕೆ ಸ್ಟೀರಾಯ್ಡಿನ ಚಟ ಹತ್ತಿದೆ" ಎಂದರು. ಸರಿಹೋಗಲು ಒಂದು ವರ್ಷ ಹಿಡಿಯಿತು. ಕೆಲವು ಕಲೆಗಳು ಈಗಲೂ ಇವೆ.

ಆದ್ದರಿಂದ ನಾನು ಇಲ್ಲಿ ವೈದ್ಯೆಯಾಗಿ ಮಾತನಾಡುತ್ತಿಲ್ಲ. ತಪ್ಪು ಮಾಡಿ, ಪೆಟ್ಟು ತಿಂದು, ವೈದ್ಯರಿಂದ ಕೇಳಿ, ಓದಿ ಕಲಿತವಳಾಗಿ ಮಾತನಾಡುತ್ತಿದ್ದೇನೆ.

ಮೊದಲು ಮೊಡವೆ ಎಂದರೇನು ಎಂದು ತಿಳಿಯೋಣ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಕೆಲಸ ಮಾಡುತ್ತವೆ. ಉದುರಬೇಕಾದ ಸತ್ತ ಕಣಗಳು ಎಣ್ಣೆಯೊಂದಿಗೆ ಸೇರಿ ರೋಮರಂಧ್ರವನ್ನು ಮುಚ್ಚುತ್ತವೆ. ಅಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ ಹೆಚ್ಚಿ ಉರಿಯೂತವಾಗುತ್ತದೆ. ಇಷ್ಟೇ. ಇದು ಕೊಳಕಿನಿಂದ ಬರುವುದಲ್ಲ, ಕೆಟ್ಟ ಯೋಚನೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಹರೆಯದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಬರುತ್ತದೆ. ಇನ್ನು ಮುಂದೆ ಯಾರ ಮುಖ ನೋಡಿಯೂ "ಮುಖ ತೊಳೆಯೋದಿಲ್ವಾ?" ಎಂದು ದಯವಿಟ್ಟು ಕೇಳಬೇಡಿ.

ಹಾಗಾದರೆ ಹೆಚ್ಚು ತೊಳೆದರೆ ಏನಾಗುತ್ತದೆ? ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಅದರ ಪಿಎಚ್ ಸುಮಾರು 5ರ ಆಸುಪಾಸು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಪದೇ ಪದೇ ಸೋಪು ಹಾಕಿದರೆ ಚರ್ಮದ ರಕ್ಷಣಾ ಪದರ ಸಡಿಲಾಗಿ, ನೀರಿನಂಶ ಆರಿ, ಉರಿ ಶುರುವಾಗುತ್ತದೆ. ನಿಂಬೆರಸದ ಪಿಎಚ್ ಸುಮಾರು 2. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯದಂತಾಗಬಹುದು. ಅಡುಗೆ ಮನೆಯ ವಸ್ತುವೆಂದ ಮಾತ್ರಕ್ಕೆ ಅದು ಮುಖಕ್ಕೆ ಒಗ್ಗಬೇಕೆಂದಿಲ್ಲ.

ಈಗ ದಿನಚರಿಗೆ ಬರುತ್ತೇನೆ. ಮಗುವಿಗೆ ಅಕ್ಷರ ಕಲಿಸುವಾಗ ಮೊದಲ ದಿನವೇ ಒತ್ತಕ್ಷರ ಬರೆಸುತ್ತೇವೆಯೇ? ಒಂದು ಅಕ್ಷರ ಕೈಗೆ ಕೂತ ಮೇಲೆ ಇನ್ನೊಂದು. ಸೂಕ್ಷ್ಮ ಚರ್ಮಕ್ಕೂ ಇದೇ ಕ್ರಮ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಅದನ್ನೂ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ನಾಲ್ಕೈದು ದಿನ ಸ್ವಲ್ಪ ಹಚ್ಚಿ ನೋಡಿ. ಐದು ವಸ್ತುಗಳನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಒಗ್ಗಿತು, ಯಾವುದು ಉರಿಸಿತು ಎಂದು ತಿಳಿಯುವುದೇ ಇಲ್ಲ.

ಮೊದಲ ನಾಲ್ಕು ವಾರ ಮೂರೇ ವಸ್ತು ಸಾಕು. ಒಂದು, ಸುವಾಸನೆಯಿಲ್ಲದ ಮೃದುವಾದ ಫೇಸ್‌ವಾಶ್. ದಿನಕ್ಕೆ ಎರಡು ಬಾರಿ ಮಾತ್ರ. ಎರಡು, ಗ್ಲಿಸರಿನ್ ಅಥವಾ ಸೆರಮೈಡ್ ಇರುವ ತೆಳು ಮಾಯಿಶ್ಚರೈಸರ್. ಡಬ್ಬಿಯ ಮೇಲೆ 'ನಾನ್ ಕಾಮೆಡೋಜೆನಿಕ್' ಎಂದಿರಲಿ. ರೋಮರಂಧ್ರ ಮುಚ್ಚದಂತೆ ತಯಾರಿಸಿದ್ದು ಎಂದು ಅದರ ಅರ್ಥ. ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಏಕೆ ಎಂದು ಕೇಳುತ್ತೀರಿ. ಮಿಶ್ರ ಚರ್ಮದವರು ಕೆನ್ನೆಗೆ ಚೆನ್ನಾಗಿ, ಹಣೆ ಮೂಗಿಗೆ ತೆಳುವಾಗಿ ಹಚ್ಚಿದರೆ ಸಾಕು. ಒಂದೇ ಮುಖಕ್ಕೆ ಎಲ್ಲ ಕಡೆಯೂ ಒಂದೇ ಅಳತೆ ಇರಬೇಕೆಂದಿಲ್ಲ. ಮೂರು, ಹಗಲಿನಲ್ಲಿ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ಬಿಸಿಲು ಅದನ್ನು ಇನ್ನಷ್ಟು ಗಾಢ ಮಾಡುತ್ತದೆ.

ನಮ್ಮ ಹುಡುಗಿಯರು ಕೇಳುವ ಒಂದು ಪ್ರಶ್ನೆ ಇದೆ: "ದಿನಕ್ಕೆ ಐದು ಸಲ ವುಜೂ ಮಾಡ್ತೀವಿ, ಹಚ್ಚಿದ್ದು ಉಳಿಯುತ್ತಾ?" ಬರೀ ನೀರಿನಿಂದ ಮುಖ ತೊಳೆದರೆ ಚಿಂತೆಯಿಲ್ಲ; ಪ್ರತಿ ಸಲವೂ ಸೋಪು ಹಾಕುವುದು, ಒರಟು ಟವೆಲ್‌ನಿಂದ ಉಜ್ಜುವುದು ತೊಂದರೆ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಫಜ್ರ್ ಆದ ಮೇಲೆ ಮಾಯಿಶ್ಚರೈಸರ್, ಶಾಲೆಗೆ ಹೊರಡುವಾಗ ಸನ್‌ಸ್ಕ್ರೀನ್, ಝುಹರ್ ನಂತರ ಬಿಸಿಲಿಗೆ ಹೋಗುವುದಿದ್ದರೆ ಮತ್ತೊಮ್ಮೆ ಸನ್‌ಸ್ಕ್ರೀನ್. ಇಶಾ ನಂತರ ಹಚ್ಚಿದ ಔಷಧ ಬೆಳಗಿನವರೆಗೂ ಚರ್ಮದ ಮೇಲಿರುತ್ತದೆ. ಇದಕ್ಕಿಂತ ಸುಲಭವಾದ ವೇಳಾಪಟ್ಟಿ ಬೇಕೇ? ಇನ್ನೊಂದು ಮಾತು. ಗದ್ದ, ಹಣೆಗೆ ಬಿಗಿಯಾಗಿ ತಾಗುವ ಬಟ್ಟೆಯ ಉಜ್ಜುವಿಕೆ ಮತ್ತು ಬೆವರಿನಿಂದಲೂ ಮೊಡವೆ ಹೆಚ್ಚುತ್ತದೆ. ಸ್ಕಾರ್ಫ್ ಹತ್ತಿಯದಿರಲಿ, ದಿನವೂ ಒಗೆದದ್ದಿರಲಿ. ದಿಂಬಿನ ಚೀಲವನ್ನೂ ಆಗಾಗ ಒಗೆಯಿರಿ. ತಲೆಗೆ ಹಾಕಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ.

ಚರ್ಮ ಶಾಂತವಾದ ಮೇಲೆ ಔಷಧ. ಬೆನ್ಝಾಯಿಲ್ ಪೆರಾಕ್ಸೈಡ್ ಎಂಬುದೊಂದಿದೆ. ಶೇ. 2.5ರದ್ದು ಶೇ. 10ರದ್ದರಷ್ಟೇ ಕೆಲಸ ಮಾಡಬಲ್ಲದು, ಉರಿ ಕಡಿಮೆ. ಬಣ್ಣದ ಸ್ಕಾರ್ಫಿಗೆ ತಾಗಿದರೆ ಬಣ್ಣ ಹೋಗುತ್ತದೆ, ಜೋಕೆ. ಇನ್ನೊಂದು ಅಡಾಪಲೀನ್. ವೈದ್ಯರು ಬರೆದುಕೊಟ್ಟರೆ ರಾತ್ರಿ ಒಣಗಿದ ಮುಖಕ್ಕೆ ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಹಚ್ಚಬೇಕು. ಸೂಕ್ಷ್ಮ ಚರ್ಮದವರು ವಾರಕ್ಕೆ ಎರಡು ಮೂರು ರಾತ್ರಿಯಿಂದ ಆರಂಭಿಸಿ, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಔಷಧ ಹಚ್ಚಬಹುದು. ಗರ್ಭಿಣಿಯರು ಇದನ್ನು ಬಳಸಬಾರದು. ತೀರಾ ಉರಿಯುವವರಿಗೆ, ಕಲೆ ಉಳಿಯುವವರಿಗೆ ಅಜೆಲಾಯಿಕ್ ಆಮ್ಲ ಒಗ್ಗಬಹುದು. ನನಗೆ ಒಗ್ಗಿದ್ದು ಇದೇ. ಯಾವುದಾದರೂ ಸರಿ, ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮೊದಲ ವಾರಗಳಲ್ಲಿ ಸ್ವಲ್ಪ ಒಣಗುವುದು, ಸಿಪ್ಪೆ ಏಳುವುದು ಉಂಟು. ಹದಿನೈದು ದಿನ ನೋಡಿ ಬಿಟ್ಟು, ಇನ್ನೊಂದು ಕೊಂಡು, ಅದನ್ನೂ ಬಿಡುವವರೇ ಹೆಚ್ಚು.

ಈ ಆತುರವೇ ನಮ್ಮನ್ನು ಆ ಬಿಳಿ ಡಬ್ಬಿಯ ಕಡೆಗೆ ಎಳೆಯುವುದು. ಅದರ ಹಿನ್ನೆಲೆ ಕೇಳಿ. 1975ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರೊಬ್ಬರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡನ್ನು ಸೇರಿಸಿದ ಮಿಶ್ರಣವೊಂದನ್ನು ಪ್ರಕಟಿಸಿದರು. ಅದು ಬಂಗಿನಂಥ ಕಪ್ಪು ಕಲೆಗಳಿಗೆ, ವೈದ್ಯರ ಕಣ್ಣೆದುರು, ಸ್ವಲ್ಪ ಕಾಲ ಬಳಸಬೇಕಾದ ಔಷಧ. ಅದೇ ಜಾತಿಯ ಮಿಶ್ರಣಗಳು ನಮ್ಮ ಊರುಗಳಲ್ಲಿ ಬಿಳಿಯಾಗುವ ಕ್ರೀಮಾಗಿಬಿಟ್ಟವು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಆದರೆ ನಿಯಮವಿದ್ದರೆ ಸಾಲದು, ಕೊಳ್ಳುವವರಿಗೆ ಓದಲು ಬರಬೇಕು.

ಇಲ್ಲಿ ಭಾಷಾ ಶಿಕ್ಷಕಿಯಾಗಿ ಒಂದು ಪಾಠ ಹೇಳುತ್ತೇನೆ. ಟ್ಯೂಬಿನ ಹಿಂದಿರುವ ಸಣ್ಣ ಅಕ್ಷರಗಳನ್ನು ಓದಿ. ಪದದ ಕೊನೆಯನ್ನು ನೋಡಿ. ಬೀಟಾಮೆಥಸೋನ್, ಮೊಮೆಟಸೋನ್, ಡೆಕ್ಸಾಮೆಥಸೋನ್ ಹೀಗೆ 'ಸೋನ್' ಎಂದು ಮುಗಿದರೆ ಅದು ಸ್ಟೀರಾಯ್ಡ್ ಇರಬಹುದೆಂದು ಎಚ್ಚರಗೊಳ್ಳಿ. ಕ್ಲೋಬೆಟಸಾಲ್, ಫ್ಲುಸಿನೋಲೋನ್ ಕೂಡ ಅದೇ ಕುಲದವು. 'ಆರ್‌ಎಕ್ಸ್' ಎಂಬ ಗುರುತಿದ್ದರೆ ಅದು ಸೌಂದರ್ಯವರ್ಧಕವಲ್ಲ, ಚೀಟಿಯ ಔಷಧ. ಏನೂ ಬರೆದಿಲ್ಲದ ಡಬ್ಬಿ ಇನ್ನೂ ಅಪಾಯ, ಅದರಲ್ಲಿ ಪಾದರಸವಿರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳಿಯಾಗುವ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು. ಮುಖಕ್ಕೆ ಹಚ್ಚಿದ್ದು ಮುಖದಲ್ಲೇ ನಿಲ್ಲುವುದಿಲ್ಲ. ಈಗಾಗಲೇ ಬಳಸುತ್ತಿರುವವರು ಗಾಬರಿಪಡದೆ ಆ ಡಬ್ಬಿಯನ್ನೇ ತೆಗೆದುಕೊಂಡು ಬೇಗ ವೈದ್ಯರನ್ನು ಕಾಣಿ. ಸ್ಟೀರಾಯ್ಡ್ ನಿಲ್ಲಿಸಿದಾಗ ಮುಖ ಕೆಲಕಾಲ ಕೆರಳುತ್ತದೆ. ಅದಕ್ಕೆ ಹೆದರಿ ಮತ್ತೆ ಅದನ್ನೇ ಹಚ್ಚುವವರಿದ್ದಾರೆ.

ಗಟ್ಟಿ ಗಂಟಿನಂಥ ನೋಯುವ ಮೊಡವೆ, ಗುಳಿ ಬೀಳುವ ಮೊಡವೆ, ಮುಟ್ಟು ಏರುಪೇರಾಗಿ ಗದ್ದದಲ್ಲಿ ಕೂದಲು ಬೆಳೆಯುವುದು, ಮೂರು ತಿಂಗಳಾದರೂ ಕಡಿಮೆಯಾಗದಿರುವುದು – ಇವಿದ್ದರೆ ಕಾಯಬೇಡಿ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಗಂಡುಮಕ್ಕಳೇ, ಇದು ನಿಮಗೂ ಅನ್ವಯಿಸುತ್ತದೆ. ಮೊಡವೆಯ ಮೇಲೆ ಬ್ಲೇಡು ಆಡಿಸುವುದು, ಬ್ಲೀಚ್ ಮಾಡಿಸುವುದು, ಉಗುರಿನಿಂದ ಹಿಸುಕುವುದು ನಿಲ್ಲಲಿ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಮಗಳ ಮೊಡವೆ ಸಂಬಂಧದ ಮಾತು ಬಂದಾಗ ಮಾತ್ರ ನೆನಪಾಗುತ್ತದೆ. ಆಗ ಹದಿನೈದು ದಿನದಲ್ಲಿ ಮುಖ ಬೆಳಗಬೇಕು. ಮದುವೆಯ ಬಟ್ಟೆಗೆ ಸಾವಿರಾರು ಖರ್ಚು ಮಾಡುವ ನಾವು ಒಂದು ವೈದ್ಯರ ಚೀಟಿಗೆ ಹಿಂದೆ ಮುಂದೆ ನೋಡುತ್ತೇವೆ. ಮೈಬಣ್ಣ ಕಾಯಿಲೆಯಲ್ಲ, ಅದಕ್ಕೆ ಮದ್ದು ಬೇಕಿಲ್ಲ. ಮೊಡವೆಗೆ ಮದ್ದಿದೆ, ಆದರೆ ಅದಕ್ಕೆ ಕಾಲ ಬೇಕು. ಈ ಎರಡನ್ನೂ ಕಲಸಿಬಿಟ್ಟಿರುವುದೇ ನಮ್ಮ ಮಕ್ಕಳ ಮುಖ ಸುಡುತ್ತಿರುವುದು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳನ್ನೂ ಅವಳ ತಾಯಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಬ್ಬಿ ಬಿಟ್ಟ ಮೊದಲ ತಿಂಗಳು ಅವಳ ಮುಖ ನೋಡಲಾಗುತ್ತಿರಲಿಲ್ಲ. ಎರಡು ಸಲ ನನ್ನ ಮುಂದೆ ಅತ್ತಳು. ಐದು ತಿಂಗಳಲ್ಲಿ ಉರಿ ಶಮನವಾಯಿತು. ಮೊಡವೆ ಪೂರ್ತಿ ಹೋಗಿಲ್ಲ, ಕಲೆಗಳೂ ಇವೆ. ಮರುವರ್ಷ ಪ್ರತಿಭಾ ಕಾರಂಜಿಗೆ ತಾನೇ ಬಂದು ಹೆಸರು ಕೊಟ್ಟಳು. ಬಹುಮಾನ ಬರಲಿಲ್ಲ. ಆದರೆ ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಳ್ಳದೆ, ಸಭೆಯನ್ನು ನೋಡುತ್ತಾ, ಪದ್ಯವನ್ನು ಕೊನೆಯವರೆಗೂ ಹೇಳಿದಳು. ನಾನು ಕೇಳಿದ್ದು ಪದ್ಯವನ್ನೇ.